ಹೊಸ್ತಿಲಲ್ಲಿ ನಿಂತು ಹೇಳುವ ಮಾತು

ಸೆಪ್ಟೆಂಬರ್ ೯, ಸೋಮವಾರ

ಅಂತೂ ಬಂದು ಬಿದ್ದೆ. ಲಾಂಚ್ ಹತ್ತಿದ್ದು ನೆನಪಿದೆ, ಆಮೇಲೆ ಕಂಡದ್ದೆಲ್ಲ ಬಕೆಟ್ಟಿನ ತಳ. ಬಕೆಟ್ ಕೊಟ್ಟವನು ಲಾಂಚ್ ಓಡಿಸುವವನೇ. ಅವನ ಮೀಸೆ ಎಷ್ಟು ದೊಡ್ಡದೆಂದರೆ ಮುಖ ಅದರ ಹಿಂದೆ ಬಾಡಿಗೆಗೆ ಇದ್ದಂತಿದೆ. ಆಗಲೇ ಅವನಿಗೆ ಮೀಸೆಮಾವ ಎಂದು ಹೆಸರಿಟ್ಟಾಗಿದೆ. ಲಾಂಚ್ ನಿಲ್ಲುವ ಧಕ್ಕೆಯ ಮೇಲೆ ಅರ್ಧ ದ್ವೀಪವೇ ನಿಂತಿತ್ತು. ಯಾರೋ ದೊಡ್ಡವರನ್ನು ಎದುರುಗೊಳ್ಳಲು ಬಂದಿದ್ದಾರೆ ಅಂದುಕೊಂಡೆ. ಹಾಗೇನೂ ಇಲ್ಲ, ಲಾಂಚ್ ಬಂತು ಅಂತ ಬಂದಿದ್ದಾರೆ, ಅಷ್ಟೇ. ಒಬ್ಬರ ಮುಖದಲ್ಲೂ ನಗು ಇರಲಿಲ್ಲ.

ಮನೆಯೊಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಆಡಿದ ಮೊದಲ ಮಾತು ಇದು: "ವಾಂತಿ ಮಾಡ್ಕೊಂಡಿದೀಯ. ವಾಸನೆ ಬರ್ತಿದೆ. ಮೊದಲು ಸ್ನಾನ ಮಾಡು." ಅಷ್ಟು ದೂರದಿಂದ ಬಂದವಳಿಗೆ ಒಂದು ಲೋಟ ನೀರು ಬೇಡವೇ, ಪ್ರಯಾಣ ಹೇಗಾಯಿತು ಎನ್ನುವ ಒಂದು ಮಾತು ಬೇಡವೇ? ಆಂಟಿ ಎಂದು ಕರೆದೆ. "ನಾನು ನಿನಗೆ ನೆಂಟಳಲ್ಲ, ಮನೆ ಬಾಡಿಗೆಗೆ ಕೊಟ್ಟವಳು" ಅಂದರು. ಇವರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಬರೆಯುವಾಗ ಸ್ವಲ್ಪ ಮೆತ್ತಗಾಗಿದೆ. ಮೂಲದಲ್ಲಿ ಇನ್ನೂ ಒರಟು.

ಕೋಣೆ ಅಡುಗೆಮನೆಯ ಮೇಲಿದೆ. ಕಿಟಕಿಯ ಗಾಜಿಗೆ ಉಪ್ಪು ಮೆತ್ತಿಕೊಂಡು ಕಡಲು ಮಸುಕಾಗಿ ಕಾಣುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಹತ್ತಿ ಹೋಗಿ ಅಮ್ಮನಿಗೆ ಫೋನ್ ಮಾಡಿ, ಪ್ರಯಾಣ ಹೂ ಎತ್ತಿದ ಹಾಗೆ ಆಯ್ತು, ಜನ ತುಂಬಾ ಪ್ರೀತಿಯವರು, ಹೊಟ್ಟೆ ತುಂಬಾ ಊಟ ಆಯ್ತು ಅಂದೆ. ಅಮ್ಮನೂ ಆರಾಮವಾಗಿದ್ದಾಳಂತೆ. ಸ್ವಲ್ಪ ಗ್ಯಾಸ್ಟ್ರಿಕ್ ಅಂತೆ, ಅಣ್ಣ ಪಕ್ಕದಿಂದ ಕೂಗಿ ಹೇಳಿದ.

ಸೆಪ್ಟೆಂಬರ್ ೧೬

ಕೆಲಸ ಶುರುವಾಗಿದೆ. ಕಡಲು ಇಳಿದಾಗ ಬಂಡೆಗಳ ಮೇಲೆ ಹೋಗಿ ಪಾಚಿ ಕಿತ್ತು ತರುವುದು, ಇಲ್ಲಿನ ಕಡಲ ಅಧ್ಯಯನ ಕೇಂದ್ರದಲ್ಲಿ ಅದನ್ನು ಅಗಲ ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು, ಕೆಳಗಿನಿಂದ ಕಾಗದ ಜಾರಿಸಿ ಎತ್ತಿ, ಭಾರ ಹೇರಿ ಒಣಗಿಸುವುದು. ಒಣಗಿದ ಮೇಲೆ ಯಾರೋ ಕಾಗದದ ಮೇಲೆ ಬರೆದ ಚಿತ್ರ ಎನ್ನಬೇಕು, ಅಷ್ಟು ಚೆಂದ. ಇದೇ ನನ್ನ ವರ್ಷದ ಓದು. ಅಮ್ಮನಿಗೆ ಹೇಳಿದಾಗ, "ಅಷ್ಟು ಖರ್ಚು ಮಾಡಿ ಹೋಗಿ ಪಾಚಿ ಇಸ್ತ್ರಿ ಮಾಡ್ತೀಯಾ?" ಅಂದಿದ್ದಳು.

ಇಲ್ಲಿ ಯಾವ ಮನೆಗೂ ಬೀಗವಿಲ್ಲ. ಪ್ರತಿಯೊಬ್ಬರಿಗೂ ಮೂರು ನಾಲ್ಕು ಕೆಲಸ. ಮೀಸೆಮಾವ ಲಾಂಚ್ ಓಡಿಸುತ್ತಾನೆ, ಟಪಾಲು ತರುತ್ತಾನೆ, ಕ್ಷೌರ ಮಾಡುತ್ತಾನೆ, ಯಾರಾದರೂ ಸತ್ತರೆ ಗುಂಡಿಯನ್ನೂ ಅವನೇ ತೋಡುತ್ತಾನೆ. ತಲೆ ಒಪ್ಪಿಸಿದರೆ ಕೊನೆಯವರೆಗೂ ನೋಡಿಕೊಳ್ಳುತ್ತಾನೆ ಅನ್ನಿ. ಇನ್ನು, ಇಲ್ಲಿ ಉಭಯಕುಶಲೋಪರಿಯ ಮಾತೇ ಇಲ್ಲ. ಅಂಗಡಿಯಾಕೆಯನ್ನು ಚೆನ್ನಾಗಿದ್ದೀರಾ ಅಂತ ಬಾಯಿಮಾತಿಗೆ ಕೇಳಿದ್ದಕ್ಕೆ "ಇಲ್ಲ" ಎಂದು ಶುರುಮಾಡಿ ತನ್ನ ಮೊಣಕಾಲಿನ ಕೀವಿನ ಕಥೆಯನ್ನು ಸಾಂಗವಾಗಿ ಹೇಳಿದಳು. ಮಾತಿಗೆ ಮರ್ಯಾದೆಯ ಬಟ್ಟೆಯನ್ನೇ ತೊಡಿಸದ ಜನ.

ಮನೆಯೊಡತಿ ಬೇಯಿಸುವ ಬೆಳ್ಳನೆಯ ತರಕಾರಿ ಗಂಜಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮೊದಲನೇ ದಿನ "ಬಹಳ ಚೆನ್ನಾಗಿದೆ" ಅಂದುಬಿಟ್ಟೆ. ಈಗ ದಿನಾ ಅದೇ. ಬಟ್ಟಲು ಕೋಣೆಗೆ ತಂದು ಕಿಟಕಿಯಿಂದ ಕಡಲಹಕ್ಕಿಗಳಿಗೆ ಸುರಿಯುತ್ತೇನೆ. ಅವು ನನಗಿಂತ ದುಂಡಗಾಗುತ್ತಿವೆ.

ಸೆಪ್ಟೆಂಬರ್ ೨೯

ಬರೆಯದೆ ನಿದ್ದೆ ಬರುವುದಿಲ್ಲ, ಮೈ ಉರಿಯುತ್ತಿದೆ.

ಪಕ್ಕದಲ್ಲಿ ಹಸಿರು ಬಾಗಿಲಿನ ಮನೆಯ ಅಜ್ಜಿ ಇದ್ದಾರೆ. ಪಾಚಿ ಒಣಗಿಸಲು ಅವರ ಹಿತ್ತಿಲಿನ ಬಿಸಿಲು ಬಿಟ್ಟುಕೊಟ್ಟಿದ್ದಾರೆ. ಈ ಊರಲ್ಲಿ ನನ್ನನ್ನು ನೋಡಿ ನಕ್ಕ ಮೊದಲ ಮುಖ ಅವರದು. ಇವತ್ತು ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಮೀಸೆಮಾವ ಬಂದ. ಹೊಸ್ತಿಲಲ್ಲೇ ನಿಂತ, ಟೋಪಿ ಕೈಯಲ್ಲಿತ್ತು. ಅಜ್ಜಿ ಅವನನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಚಾಕು ಕೆಳಗಿಟ್ಟರು. ಅವನು ಹೇಳಿದ್ದು ಇಷ್ಟೇ: "ನಿನ್ನ ಮಗ ಸತ್ತ. ನಿನ್ನೆ ಸಂಜೆ. ಬಂದರಿನಲ್ಲಿ ಕ್ರೇನಿನಿಂದ ಬಿದ್ದ."

ಪೀಠಿಕೆಯೇ ಇಲ್ಲ! ಕೂತುಕೋ ಎಂಬ ಮಾತೂ ಇಲ್ಲ. ಅಜ್ಜಿ ಕುರ್ಚಿಯ ಬೆನ್ನು ಹಿಡಿದುಕೊಂಡು ಒಂದು ಸದ್ದು ಮಾಡಿದರು, ಅದು ಅಳುವೂ ಅಲ್ಲ. ಆಮೇಲೆ ಅವನು ಒಳಗೆ ಬಂದು, ಅಂಗಿಯ ತೋಳು ಮಡಚಿ, ತೊಟ್ಟಿಯಲ್ಲಿದ್ದ ಪಾತ್ರೆಗಳನ್ನು ತೊಳೆಯಲು ನಿಂತ. ಇಡೀ ಸಂಜೆ ಒಬ್ಬೊಬ್ಬರೇ ಬಂದು ಏನಾದರೊಂದು ಕೆಲಸ ಮಾಡುತ್ತಲೇ ಇದ್ದರು. ಕೆಟ್ಟ ಸುದ್ದಿ ತಂದವರು ಹೇಳುವ ಮುಂಚೆ ಕೂರುವ ಹಾಗಿಲ್ಲ, ನೀರು ಮುಟ್ಟುವ ಹಾಗಿಲ್ಲ, ಸುತ್ತಿ ಬಳಸುವ ಹಾಗಿಲ್ಲ. ಅದು ಇಲ್ಲಿಯ ಕ್ರಮ ಎಂದು ಮನೆಯೊಡತಿ ಹೇಳಿದರು.

ಕರುಳಿಲ್ಲದ ಕ್ರಮ. ಅಪ್ಪ ಹೋದಾಗ ನಾನು ಹಾಸ್ಟೆಲಿನಲ್ಲಿದ್ದೆ. ಸೋದರಮಾವ ಬಂದು "ಅಪ್ಪನಿಗೆ ಸ್ವಲ್ಪ ಸೀರಿಯಸ್, ಹೊರಡು" ಎಂದಷ್ಟೇ ಹೇಳಿದರು. ದಾರಿಯಲ್ಲಿ ಹೋಟೆಲಿನಲ್ಲಿ ಊಟ ಮಾಡಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಅಪ್ಪನಿಗೆಂದು ಕಿತ್ತಳೆಹಣ್ಣು ಆರಿಸಿ ಆರಿಸಿ ಕೊಂಡೆ. ಮನೆಯ ಮುಂದೆ ಜನ ನೋಡಿದಾಗಲೇ ಗೊತ್ತಾದದ್ದು. ಅಲ್ಲಿಯವರೆಗೂ ನನಗೆ ನೋವಾಗದಂತೆ ಎಷ್ಟು ನಾಜೂಕಾಗಿ ಕರೆತಂದರು! ಅದನ್ನು ಕಲಿಯಲು ಇವರಿಗೆ ಇನ್ನೂ ನಾಲ್ಕು ಜನ್ಮ ಬೇಕು.

ಅಕ್ಟೋಬರ್ ೮

ಮೈಕೈ ನೋವು, ಜ್ವರ. ಅಮ್ಮನಿಗೆ ನೆಗಡಿ ಅಂದಿದ್ದೇನೆ.

ನಡೆದದ್ದು ಬೇರೆ. ನಿನ್ನೆ ತೆಂಕಣ ಬಂಡೆಗಳಿಗೆ ಹೊರಟಾಗ ಮೀಸೆಮಾವ ಕೇಳಿದ, ನೀರು ಯಾವಾಗ ತಿರುಗುತ್ತದೆ ಗೊತ್ತಾ ಎಂದು. ಗೊತ್ತು ಅಂದೆ. ಗೊತ್ತಿರಲಿಲ್ಲ. ಅವನ ಮುಂದೆ ದಡ್ಡಿಯಾಗುವುದು ಬೇಡವಾಗಿತ್ತು. ಪಾಚಿ ಕೀಳುವುದರಲ್ಲಿ ಮುಳುಗಿ ತಲೆ ಎತ್ತಿದರೆ ಹಿಂದಿನ ದಾರಿ ನೀರಿನಡಿ ಹೋಗಿತ್ತು. ಬಂಡೆಯ ತುದಿಗೆ ಹತ್ತಿ ಕೂತೆ. ಅಲೆ ಸೊಂಟಕ್ಕೆ ಬಡಿಯತೊಡಗಿದಾಗ ಅಮ್ಮನನ್ನು ಕೂಗಿದೆ. ಇಷ್ಟು ವಯಸ್ಸಾಗಿ ಅಮ್ಮಾ ಎಂದು ಅರಚಿದೆ. ಅವನೇ ದೋಣಿ ತಂದು ರಟ್ಟೆ ಹಿಡಿದು ಎಳೆದುಕೊಂಡ.

ದೋಣಿಯನ್ನು ದಡಕ್ಕೆ ಎಳೆದು ಕಟ್ಟಿದ. ಆಮೇಲೆ ಕೇಳಿದ: "ಗೊತ್ತಿಲ್ಲ ಅಂದ್ರೆ ನಾಲಿಗೆ ಸವೆಯುತ್ತಾ?" ನಾನು ಅತ್ತೆ. ಅಳುವಷ್ಟೂ ಅತ್ತ ಮೇಲೆ ಕಂಬಳಿ ಹೊದಿಸಿದ.

ಅಕ್ಟೋಬರ್ ೧೩, ಭಾನುವಾರ

ಗಂಜಿಯ ಗುಟ್ಟು ರಟ್ಟಾಯಿತು. ನನ್ನ ಕಿಟಕಿಯ ಕೆಳಗೆ ಹಕ್ಕಿಗಳು ಸಂತೆ ಸೇರುವುದನ್ನು ಮನೆಯೊಡತಿ ನೋಡಿದ್ದಾರೆ. ಜ್ವರದ ಬಾಯಿಗೆ ಒಣ ರೊಟ್ಟಿ ತಂದುಕೊಟ್ಟು ಮಂಚದ ಕಾಲ ಬಳಿ ಕೂತರು.

"ಇಷ್ಟು ದಿನ ಯಾಕೆ ಸುಳ್ಳು ಹೇಳಿದೆ?"

"ನಿಮಗೆ ಬೇಜಾರಾಗಬಾರ್ದು ಅಂತ."

"ಗಂಜಿ ಚೆನ್ನಾಗಿಲ್ಲ ಅಂದ್ರೆ ಗಂಜಿಗೆ ಉಪ್ಪು ಹಾಕ್ತಿದ್ದೆ. ಈಗ ನಿನ್ನ ಯಾವ ಮಾತು ನಂಬಲಿ?"

ಅವರು ತಮ್ಮ ಗಂಡನ ವಿಷಯ ಹೇಳಿದರು, ಅದೂ ನನ್ನ ಮುಖ ನೋಡದೆ, ಹೊದಿಕೆಯ ಅಂಚು ಸರಿಮಾಡುತ್ತಾ. ಗಾಳಿಯ ದಿನ. ಅವರ ಗಂಡನ ದೋಣಿಗೆ ನೀರು ನುಗ್ಗುತ್ತಿತ್ತು. ರೇಡಿಯೋದಲ್ಲಿ ಇವರೇ ಕೇಳಿದರು, ಹೇಗಿದೆ ಎಂದು. "ಏನೂ ತೊಂದರೆ ಇಲ್ಲ ಅಂದ. ನಾನು ಹೆದರ್ಕೋತೀನಿ ಅಂತ ಹಾಗಂದ. ಎಲ್ಲಾ ಸರಿ ಇದೆ ಅಂದ್ರೆ ಯಾರು ದೋಣಿ ಬಿಚ್ಚುತ್ತಾರೆ? ಎಲ್ಲರೂ ಊಟಕ್ಕೆ ಕೂತ್ವಿ." ಇಷ್ಟು ಹೇಳಿ ತಟ್ಟೆ ತೆಗೆದುಕೊಂಡು ಕೆಳಗೆ ಹೋದರು.

ರಾತ್ರಿಯ ಗಂಜಿಗೆ ಉಪ್ಪು, ಮೆಣಸು ಎರಡೂ ಬಿದ್ದಿದ್ದವು. ಮೆಣಸು ಜಾಸ್ತಿಯಾಯಿತು ಅಂದೆ. "ಸರಿ" ಅಂದರು.

ನವೆಂಬರ್ ೩

ಕೆಲಸ ಮೇಲಿಂದ ಮೇಲೆ. ಅಣ್ಣ ಈಗ ಅಮ್ಮನ ಕೈಗೆ ಫೋನ್ ಕೊಡುವುದು ಕಡಿಮೆ. ಮಲಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ, ಟೈಲರಿಂಗ್ ಕ್ಲಾಸಿನ ಹುಡುಗಿಯರು ಬಂದಿದ್ದಾರೆ. ಸಿಕ್ಕಾಗ ಅವಳ ದನಿ ತೆಳ್ಳಗಿರುತ್ತದೆ. ಕೇಳಿದರೆ "ಗ್ಯಾಸ್ಟ್ರಿಕ್ ಕಣೇ, ಡಾಕ್ಟರು ಖಾರ ಬಿಡಿ ಅಂದಿದಾರೆ, ಅದಕ್ಕೇ ಜೀವನಾನೇ ಸಪ್ಪೆ" ಅಂದಳು. ನಕ್ಕೆವು. ಅಣ್ಣನೂ ಹಿಂದಿನಿಂದ ಜೋರಾಗಿ ನಕ್ಕ, ಅಷ್ಟು ನಗುವ ಮಾತೇನೂ ಅದಾಗಿರಲಿಲ್ಲ.

ನವೆಂಬರ್ ೧೦

ಗಾಳಿ ಎದ್ದಿದೆ. ಲಾಂಚ್ ನಿಂತಿದೆ. ಕೇಂದ್ರದ ಗಾಜುಗಳು ಗಡಗಡ. ಹಸಿರು ಬಾಗಿಲಿನ ಅಜ್ಜಿಯ ಮನೆಗೆ ಸೌದೆ ಒಡೆದು ಕೊಟ್ಟು ಬಂದೆ.

ನವೆಂಬರ್ ೧೧

ಬೆಳಿಗ್ಗೆ ಮನೆಯೊಡತಿ ನನ್ನ ಕೋಣೆಯ ಬಾಗಿಲು ತಟ್ಟಿದರು. ದಿನಾ ತಟ್ಟದೆ ನುಗ್ಗುವವರು. ತೆರೆದೆ. ಒಳಗೆ ಬರಲಿಲ್ಲ. ತಮ್ಮದೇ ಮನೆಯಲ್ಲಿ, ಹೊಸ್ತಿಲಿನ ಆಚೆ, ಕೈ ಜೋತುಬಿಟ್ಟು ನಿಂತಿದ್ದರು. ನನಗೆ ಅಷ್ಟರಲ್ಲೇ ತಿಳಿಯಿತು. ಏನು ಎಂಬುದಲ್ಲ, ಕೆಟ್ಟ ಸುದ್ದಿ ಇದೆ ಎಂಬುದು.

"ನಿನ್ನ ತಾಯಿಗೆ ಕ್ಯಾನ್ಸರ್. ಬದುಕಲ್ಲ. ನಿನ್ನ ಅಣ್ಣ ನಿನ್ನೆ ಮನೆ ಫೋನಿಗೆ ಮಾಡಿದ್ದ. ಓದು ಹಾಳಾಗುತ್ತೆ, ಹೇಳಬೇಡಿ, ಸ್ವಲ್ಪ ನೋಡ್ಕೊಳ್ಳಿ ಅಂದ. ನೋಡ್ಕೋತೀನಿ ಅಂದೆ. ಹೇಳಲ್ಲ ಅಂತ ಅನ್ನಲಿಲ್ಲ."

ಆಮೇಲೆ ಒಳಗೆ ಬಂದು ನನ್ನ ಹಾಸಿಗೆ ಸರಿಮಾಡಿದರು, ಬಟ್ಟೆಗಳನ್ನು ಮಡಿಸಿದರು. ನಾನು ನೆಲದ ಮೇಲೆ ಕೂತು ಅವರು ಮಡಿಸುವುದನ್ನೇ ನೋಡುತ್ತಿದ್ದೆ. ಲಾಂಚ್ ಯಾವಾಗ ಎಂದು ಕೇಳಿದೆ. "ಗೊತ್ತಿಲ್ಲ. ಗಾಳಿ ಬಿಡಬೇಕು" ಅಂದರು. ಅಮ್ಮ ಸಾಯುತ್ತಾಳೆ. ನಾನು ಇಲ್ಲಿದ್ದೇನೆ. ನಡುವೆ ನೀರು.

ನವೆಂಬರ್ ೧೨

ಅಣ್ಣನ ಹತ್ತಿರ ಬಾಯಿಗೆ ಬಂದ ಹಾಗೆ ಮಾತಾಡಿದೆ. ಅವನು ಮೊದಲು ಮನೆಯೊಡತಿಯನ್ನು ಬೈದ, ಆಮೇಲೆ ಮೆತ್ತಗಾದ. ಆಗಸ್ಟ್‌ನಲ್ಲೇ ಗೊತ್ತಾಗಿತ್ತಂತೆ, ನಾನು ವಿಮಾನ ಹತ್ತುವ ಮೊದಲೇ. ಈಗ ಲಿವರ್‌ಗೂ ಹರಡಿದೆಯಂತೆ, ಇನ್ನು ಕೆಲವೇ ವಾರವಂತೆ.

"ಅಮ್ಮನಿಗೇ ಗೊತ್ತಿಲ್ಲ ಪುಟ್ಟೀ. ಹುಣ್ಣು ಅಂತ ಹೇಳಿದೀವಿ. ಗೊತ್ತಾದ್ರೆ ಆ ಕ್ಷಣಕ್ಕೇ ಕುಸಿದುಬಿಡ್ತಾಳೆ. ನೀನು ಅತ್ತುಗಿತ್ತು ಮಾಡಿ ಎಡವಟ್ಟು ಮಾಡ್ಬೇಡ. ನನ್ನ ಮೇಲಾಣೆ."

ಆಣೆ ಹಾಕಿಸಿಕೊಂಡುಬಿಟ್ಟ. ನಾನು ಊರಿಗೆ ಬರುವುದಕ್ಕೆ ಒಪ್ಪಿದ್ದಾನೆ, ಕಾಲೇಜಿಗೆ ರಜೆ ಎಂದು ಅಮ್ಮನಿಗೆ ಹೇಳಬೇಕಂತೆ. ಗುಡ್ಡ ಇಳಿದು ಬರುವಾಗ ಕಿತ್ತಳೆಹಣ್ಣು ನೆನಪಾಯಿತು. ಆ ಚೀಲ ಹಿಡಿದುಕೊಂಡೇ ಅಪ್ಪನ ಹೆಣದ ಮುಂದೆ ನಿಂತಿದ್ದೆ. ಜನರೆಲ್ಲ ನೋಡುತ್ತಿದ್ದರು. ಬಸ್ಸಿನಲ್ಲಿ ಇಡೀ ದಾರಿ ಸಿನಿಮಾ ಕಥೆ ಹೇಳಿ ಮಾವನನ್ನು ನಗಿಸಿದ್ದೆ, ಮಾವ ನಕ್ಕಿದ್ದರು. ಅದಕ್ಕಾಗಿ ಅವರ ಮೇಲೆ ನನಗೆ ಸಿಟ್ಟಿದೆ. ಯಾವಾಗಲೂ ಇತ್ತು.

ನವೆಂಬರ್ ೧೩

ಅಮ್ಮನ ಜೊತೆ ಮಾತಾಡಿದೆ. ಹವೆ, ಊಟ, ನೆಗಡಿ. ಫೋನ್ ಇಟ್ಟು ಟ್ಯಾಂಕಿನ ಹಿಂದೆ ಹೋಗಿ ವಾಂತಿ ಮಾಡಿದೆ.

ನವೆಂಬರ್ ೧೪

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಟ್ಯಾಂಕಿನ ಹತ್ತಿರ ಹೋಗಿ ಗಾಳಿಗೆ ಮರೆಯಾಗಿ ಕೂರುವಷ್ಟರಲ್ಲಿ ಫೋನ್ ಬಂತು. ಅಮ್ಮ, ತಾನೇ ಮಾಡಿದ್ದಳು.

"ಅಣ್ಣ ಮೆಡಿಕಲ್ ಶಾಪಿಗೆ ಹೋಗಿದಾನೆ. ಅತ್ತಿಗೆ ಮೇಲೆ ಬಟ್ಟೆ ಒಣಹಾಕ್ತಿದಾಳೆ. ಬೇಗ ಹೇಳು. ನನಗೆ ಏನಾಗಿದೆ?"

"ಗ್ಯಾಸ್ಟ್ರಿಕ್ ಅಲ್ವೇನಮ್ಮ?"

"ಗ್ಯಾಸ್ಟ್ರಿಕ್ಕಿಗೆ ಯಾರೂ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳಲ್ಲ ಪುಟ್ಟೀ. ಜೀವನವೆಲ್ಲಾ ಊರಿನವರ ಮೈ ಅಳತೆ ತಗೊಂಡವಳು ನಾನು. ನನ್ನ ರವಿಕೆ ಹಿಡಿಸಿ ಹಿಡಿಸಿ ಇನ್ನು ಹೊಲಿಗೆ ಹಾಕೋಕೆ ಜಾಗ ಇಲ್ಲ. ಮೈ ಕರಗ್ತಿರೋದು ನನಗೆ ತಿಳಿಯಲ್ವಾ? ಅವರು ನನ್ನ ಮುಂದೆ ನಾಟಕ ಆಡ್ತಾರೆ. ಅವರಿಗೆ ನೋವಾಗಬಾರ್ದು ಅಂತ ನಾನೂ ಆಡ್ತೀನಿ. ಸಾಕಾಗಿದೆ ಕಣೇ. ನೀನೂ ಆಡ್ಬೇಡ."

ಅಣ್ಣನ ಆಣೆ ನೆನಪಾಯಿತು. ಅವನ ಮುಖವೂ ನೆನಪಾಯಿತು. ಆದರೂ ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ಕೂತು ಹೇಳಲು ಆಗಲಿಲ್ಲ.

"ಅಮ್ಮಾ, ನಿನಗೆ ಕ್ಯಾನ್ಸರ್. ಲಿವರ್‌ಗೂ ಹರಡಿದೆ. ವಾಸಿ ಆಗಲ್ಲ. ಕೆಲವೇ ವಾರ ಅಂತ ಡಾಕ್ಟರ್ ಹೇಳಿದಾರೆ."

ಅತ್ತ ಕಡೆಯಿಂದ ಅತ್ತಿಗೆ ಬಟ್ಟೆ ಒದರುವ ಸದ್ದು ಕೇಳುತ್ತಿತ್ತು, ಮತ್ತೇನೂ ಇಲ್ಲ. ನಾನು ಕೊಂದೆ ಅನ್ನಿಸಿತು. ಆಮೇಲೆ ಅಮ್ಮ ಅತ್ತಳು. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ, ಆಗ ನಮಗೋಸ್ಕರ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಇಲ್ಲೇ ಇದೀನಮ್ಮ" ಎಂದು ಮಾತ್ರ ಮತ್ತೆ ಮತ್ತೆ ಅಂದೆ.

"ಫೋನ್ ಇಡ್ಬೇಡ" ಅಂದಳು. ಮೂಗು ಒರೆಸಿಕೊಂಡಳು. "ಅಂತೂ ಮಾತಾಡೋಕೆ ಒಬ್ಬರು ಸಿಕ್ಕಿದ್ರಲ್ಲ. ಈಗ ನೀನು ಹೇಳು, ಅಲ್ಲಿ ನಿಜವಾಗ್ಲೂ ಹೇಗಿದೀಯ?"

ಹೇಳಿದೆ. ಲಾಂಚಿನ ವಾಂತಿ, ಹಕ್ಕಿಗಳು ತಿಂದ ಗಂಜಿ, ಬಂಡೆಯ ಮೇಲೆ ಸಿಕ್ಕಿಬಿದ್ದದ್ದು, ಮೊದಲ ತಿಂಗಳು ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಳು ಬರುತ್ತಿದ್ದದ್ದು. ಬಂಡೆಯ ಕಥೆಗೆ ಚೆನ್ನಾಗಿ ಬೈಸಿಕೊಂಡೆ. ಸಾಯುತ್ತೇನೆಂದು ಈಗಷ್ಟೇ ತಿಳಿದವಳು, ನಾನು ಸಾಯಬಹುದಿತ್ತೆಂದು ಬೈದಳು. ಅಣ್ಣ ಬಂದ ಸದ್ದು ಕೇಳಿತು. "ಅವನಿಗೆ ನಾನೇ ಹೇಳ್ತೀನಿ, ಪಾಪ, ಒಬ್ಬನೇ ಹೊತ್ತುಕೊಂಡಿದಾನೆ" ಎಂದು ಇಟ್ಟಳು.

ನವೆಂಬರ್ ೧೫

ಅಣ್ಣನ ಮೆಸೇಜ್: "ನೀನು ಇನ್ನು ನನ್ನ ಜೊತೆ ಮಾತಾಡ್ಬೇಡ."

ಗಾಳಿ ನಿಂತಿಲ್ಲ. ಅಮ್ಮನಿಗೆ ಜ್ವರವಂತೆ, ಅತ್ತಿಗೆ ತಿಳಿಸಿದಳು.

ನವೆಂಬರ್ ೧೭

ಲಾಂಚ್ ಬಿಟ್ಟಿತು. ಧಕ್ಕೆಯಲ್ಲಿ ಎಲ್ಲರೂ ನಿಂತಿದ್ದರು. ಮನೆಯೊಡತಿ "ನೀನು ಹೋಗುವಷ್ಟರಲ್ಲಿ ಆಕೆ ಇರಬಹುದು, ಇಲ್ಲದಿರಬಹುದು" ಅಂದರು. ಹೌದು ಅಂದೆ. ಅವರನ್ನು ತಬ್ಬಿಕೊಂಡೆ. ಈ ಸಲವೂ ವಾಂತಿ ಮಾಡಿದೆ.

ನವೆಂಬರ್ ೧೮, ಸೋಮವಾರ

ವಿಮಾನ ನಿಲ್ದಾಣ. ಅಣ್ಣ ಫೋನ್ ಮಾಡಿದ.

"ಪುಟ್ಟೀ, ಅಮ್ಮ ಹೋದ್ಲು. ಈಗ ಸ್ವಲ್ಪ ಹೊತ್ತಾಯ್ತು. ನನ್ನ ಕೈ ಹಿಡ್ಕೊಂಡಿದ್ಲು."

ಇಷ್ಟನ್ನು ಒಂದೇ ಉಸಿರಿಗೆ ಹೇಳಿದ. ನಾನು ಕೂಗಿದೆನೇನೋ, ಪಕ್ಕದವರು ತಿರುಗಿ ನೋಡಿದರು. ಅವನು ಕಾಯ್ದ. ಆಮೇಲೆ ತಾನಾಗಿಯೇ ಹೇಳುತ್ತಾ ಹೋದ. ನನ್ನ ಮೇಲೆ ಎರಡು ದಿನ ಕೆಂಡ ಕಾರಿದನಂತೆ. ಆದರೆ ಅಮ್ಮ ಅವನನ್ನು ಬಿಡಲಿಲ್ಲ. ಜ್ವರದಲ್ಲೂ ಪಕ್ಕದಲ್ಲಿ ಮಲಗಿಸಿಕೊಂಡು, ಅವನು ಹುಟ್ಟಿದ ದಿನದ ಕಥೆ, ಅಪ್ಪನ ಜೊತೆ ಜಗಳವಾಡಿ ತವರಿಗೆ ಹೋದ ಕಥೆ, ಯಾರಿಗೂ ಹೇಳದ ಕಥೆಗಳನ್ನೆಲ್ಲ ಹೇಳಿದಳಂತೆ. ಹೊಲಿಗೆ ಮೆಷಿನ್ನು ಕ್ಲಾಸಿನ ಯಾವ ಹುಡುಗಿಗೆ ಎಂದು ಹೇಳಿದಳಂತೆ. ಇಬ್ಬರೂ ಕೂತು ಅತ್ತರಂತೆ.

"ನೀನು ಹೇಳದೇ ಹೋಗಿದ್ರೆ ನಾನು ಕೊನೇವರೆಗೂ ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡ್ತಾ ಕೂತಿರ್ತಿದ್ದೆ ಕಣೇ."

ನಾನು ಬರುವವರೆಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆ. ಇಲ್ಲ ಅಂದ. ಅಮ್ಮನೇ ಬೇಡ ಅಂದಿದ್ದಾಳೆ. "'ಅವಳು ಬರೋವರೆಗೂ ನನ್ನನ್ನ ಐಸ್ ಪೆಟ್ಟಿಗೇಲಿ ಇಡ್ಬೇಡ ಕಣೋ, ನನಗೆ ಮೊದಲೇ ಚಳಿ ತಡೆಯೋಕಾಗಲ್ಲ' ಅಂದ್ಲು." ನಾನು ನಕ್ಕುಬಿಟ್ಟೆ. ಅಣ್ಣನೂ ನಕ್ಕ. ಆ ನಗು ಅಳುವಾಗಿ ತಿರುಗಿದ್ದು ಮೊದಲು ಅವನಲ್ಲೋ ನನ್ನಲ್ಲೋ ತಿಳಿಯಲಿಲ್ಲ.

ಸಂಜೆ ಕಾರ್ಯ ಮುಗಿಯುತ್ತದೆ. ಅಮ್ಮನ ಮುಖ ನನಗೆ ಸಿಗುವುದಿಲ್ಲ. ಹಾಗಾದರೆ ಬರಲೋ ಬೇಡವೋ, ಓದು ಇದೆಯಲ್ಲ, ಎಂದು ಬಾಯಿಮಾತಿಗೆ ಕೇಳಿದೆ. ಎಂದಿನ ಅಣ್ಣನಾಗಿದ್ದರೆ ನಾನೆಲ್ಲಾ ನೋಡ್ಕೋತೀನಿ, ನೀನು ಓದ್ಕೋ ಅನ್ನುತ್ತಿದ್ದ.

"ಬಾ" ಅಂದ. "ನನಗೆ ಒಬ್ಬನಿಗೇ ಭಯ ಆಗ್ತಿದೆ."

ವಿಮಾನಕ್ಕೆ ಕರೆಯುತ್ತಿದ್ದಾರೆ. ಹೊರಟೆ.